ಮೆಟ್ಟಿಲ ಲೆಕ್ಕ

ಮುನ್ನೂರ ನಲವತ್ತು, ಪಾದ್ರಿಯ ಲೆಕ್ಕ.
ಮುನ್ನೂರ ನಲವತ್ತಮೂರು, ನನ್ನ ಮೊಣಕಾಲಿನದು.
ಮೂರು ಮೆಟ್ಟಿಲ ಜಗಳ ಇನ್ನೂ ಬಗೆಹರಿದಿಲ್ಲ,
ಶುಕ್ರವಾರ ನನ್ನ ನೌಕರಿ ಮುಗಿಯುತ್ತದೆ.

ನಾನು ಅಗ್ರಿಪ್ಪೀನಾ, ರೊಕ್ಕಸಾರ್ದದ ಅಂಚೆಯವಳು.
ಇಪ್ಪತ್ತೊಂಬತ್ತು ವರ್ಷ ಈ ಊರನ್ನು
ಹೆಗಲಿಗೇರಿಸಿ ಹತ್ತಿದ್ದೇನೆ, ಇಳಿದಿದ್ದೇನೆ.
ಊರು ಅಂದೆನೆ? ತಪ್ಪು. ಎರಡು ಊರು:
ಮೇಲೊಂದು, ಕೆಳಗೊಂದು,
ನಡುವೆ ಕಣಿವೆ, ಮುಳ್ಳುಕಳ್ಳಿ,
ಯಾರದ್ದೋ ಹೇಸರಗತ್ತೆ.

ಸಾವಿರದ ಆರುನೂರ ತೊಂಬತ್ತಮೂರು, ಜನವರಿ.
ಸಿಸಿಲಿಯ ನೆಲ ಮೈ ಕೊಡವಿತು,
ನೆನೆದ ನಾಯಿ ಕೊಡವುವ ಹಾಗೆ.
ನಮ್ಮವರು ಅದನ್ನು ಭೂಕಂಪ ಅನ್ನುವುದಿಲ್ಲ,
‘ಆ ಭಾನುವಾರ’ ಅನ್ನುತ್ತಾರೆ,
ಹೋದ ವಾರವಷ್ಟೇ ಆಗಿಹೋದಂತೆ.

ಉಳಿದವರು ಗುಡಾರದೊಳಗೇ ಎರಡು ಪಾಲಾದರು.
ದುಡ್ಡಿದ್ದವರು ಮೇಲಿನ ಬಯಲು ತೋರಿಸಿದರು.
ಬೀದಿ ಅಗಲವಾಗಿರಲಿ,
ಇನ್ನೊಮ್ಮೆ ನಡುಗಿದರೆ ಓಡಲು ಜಾಗ ಬೇಕಲ್ಲ.
ಹಗ್ಗ ಎಳೆದರು, ಸುಣ್ಣ ಚೆಲ್ಲಿದರು,
ಗೆರೆ ಕೊಯ್ದಂಥ ಬೀದಿ, ಬೀದಿಗೆ ಅಡ್ಡಬೀದಿ.
ಅಲ್ಲಿ ಕಾಗದ ಹಂಚಲು ಕಣ್ಣೂ ಬೇಡ,
ಎಣಿಸಲು ಬಂದರೆ ಸಾಕು.

ಮಿಕ್ಕವರು ಮಾತಾಡದೆ ಕೆಳಗಿಳಿದರು.
ಸತ್ತವರು ಅಲ್ಲೇ ಇದ್ದರಲ್ಲ.
ಗೋಡೆ ಒಂದೂ ಇರಲಿಲ್ಲ,
ಎಲ್ಲಿ ಹೊರಳಬೇಕೆಂಬುದು ಕಾಲಿಗೆ ಗೊತ್ತಿತ್ತು.
ಒಬ್ಬ ಗೆಸುವಾಲ್ದೊನ ರೊಟ್ಟಿಯ ಒಲೆ
ದಾರಿಗೆ ಅಡ್ಡವಿತ್ತಂತೆ, ಓಣಿ ಅದನ್ನು ಸುತ್ತಿ ಹೋಗುತ್ತಿತ್ತಂತೆ.
ಒಲೆ ಹೋಯಿತು, ತಿರುವು ಉಳಿಯಿತು.
ದಿನಾ ಬೆಳಿಗ್ಗೆ ಇಲ್ಲದ ಆ ಒಲೆಗೆ
ಸೊಂಟ ತಾಗದಂತೆ ಬಳಸಿ ನಡೆಯುತ್ತೇನೆ.

ಬಾವಿಯ ಹತ್ತಿರದ ಮೊದಲ ಮೂರು
ಮೆಟ್ಟಿಲೇ ಅಲ್ಲ, ಬರೀ ಬಂಡೆ, ಅನ್ನುತ್ತಾನೆ ಪಾದ್ರಿ.
ನಡುವೆ ತಗ್ಗು ಬಿದ್ದಿದೆ, ಮಳೆ ಬಂದರೆ ನೀರು ನಿಲ್ಲುತ್ತದೆ,
ಬಂಡೆಯನ್ನು ಅಷ್ಟು ಸವೆಸಿದ್ದು ಮತ್ತೇನು, ದೇವದೂತರೆ?

ಇಗರ್ಜಿಯೂ ನೆಟ್ಟಗಿಲ್ಲ.
ಚೌಕಕ್ಕೆ ಹೆಗಲು ತಿರುಗಿಸಿ ನಿಂತಿದೆ,
ಫೋಟೋಗೆ ಒಲ್ಲೆ ಎನ್ನುವ ಮದುಮಗಳಂತೆ.
ಗುಮ್ಮಟ ಕಾಣಲೆಂದೇ ಹಾಗೆ ಅಂತ ಗೈಡುಗಳು;
ಹಗ್ಗ ಹಿಡಿದವನಿಗೆ ಸೀನು ಬಂತು ಅಂತ ನನ್ನಜ್ಜಿ.
ನನ್ನ ಮತ ಅಜ್ಜಿಗೆ.

ಕಲ್ಕುಟಿಗ ವಾನ್ನಿಗೆ ಬ್ಯಾರನ್ ಕೂಲಿ ಕೊಡಲಿಲ್ಲ.
ಬಾಲ್ಕನಿ ಹೊತ್ತ ಐದು ಕಲ್ಲುಮುಖಗಳಲ್ಲಿ
ಕೊನೆಯದಕ್ಕೆ ವಾನ್ನಿ ಬ್ಯಾರನ್‌ನ ಮೂಗು ಅಂಟಿಸಿದ,
ನಾಲಿಗೆ ಹೊರಗೆಳೆದ.
ಮರಿಮಕ್ಕಳ ಮರಿಮಕ್ಕಳು ಅದರಡಿ ನಿಂತು
ರಿಜಿಸ್ಟರ್ ಕಾಗದಕ್ಕೆ ಸಹಿ ಹಾಕುತ್ತಾರೆ.
ನಾನು ಮೇಲೆ ನೋಡುವುದಿಲ್ಲ. ನೋಡಿದರೆ ಕೆಟ್ಟೆ.

ಹದಿನೇಳನೇ ನಂಬರು ಮಾತ್ರ ನನ್ನೊಬ್ಬಳ ಗುಟ್ಟು.
ಎಂಥ ಮುಂಭಾಗ! ತಿರುಚಿದ ಕಂಬ, ಕಲ್ಲ ಹಣ್ಣಿನ ಗೊಂಚಲು,
ಡೊಳ್ಳುಹೊಟ್ಟೆಯ ಕಬ್ಬಿಣದ ಕಟಕಟೆ,
ರೇಷ್ಮೆ ಲಂಗದ ನೆರಿಗೆಗೆ ಎಡೆಬಿಟ್ಟು ಬಾಗಿದ ಸರಳು.
ಮುಖ ಮೊದಲು ಕಟ್ಟಿದರು, ಹಣ ಆಮೇಲೆ ಬರಲಿ ಎಂದು.
ಬರಲಿಲ್ಲ.
ಲಂಗದವರು ಮೇಲಿನ ಊರಿಗೆ ಹೊರಟುಹೋದರು.

ಪುರಸಭೆಗೆ ಅದು ಇನ್ನೂ ಮನೆ.
ವರ್ಷಕ್ಕೊಂದು ತೆರಿಗೆ ನೋಟೀಸು ಬರುತ್ತದೆ,
ನಾನು ಬಾಗಿಲಡಿ ತೂರಿಸುತ್ತೇನೆ,
ಅಲ್ಲಿಗೆ ಸರ್ಕಾರದ ಕೆಲಸ ಮುಗಿಯಿತು.

ಸೋಮವಾರದಿಂದ ಸ್ಕೂಟರಿನ ಹುಡುಗ ಬರುತ್ತಾನೆ,
ಸುತ್ತುದಾರಿಯಲ್ಲಿ, ಮೆಟ್ಟಿಲ ಗೊಡವೆಯಿಲ್ಲದೆ.
ಅದಕ್ಕೇ ಇವತ್ತು, ಇಪ್ಪತ್ತೊಂಬತ್ತು ವರ್ಷದಲ್ಲಿ ಮೊದಲ ಸಲ,
ಬಾಗಿಲು ತಟ್ಟಿದೆ.
ತಟ್ಟಿದ್ದಕ್ಕೇ ತೆರೆಯಿತು.

ಒಳಗೆ ಒಂದು ಅಂಜೂರ, ಅದರ ಮೇಲೆ ಪೂರಾ ಆಕಾಶ.
ನೋಟೀಸುಗಳ ಗುಡ್ಡೆ ಬಿಸಿಲಿಗೆ ಸುಣ್ಣವಾಗಿ,
ಅಂಚುಗಳನ್ನು ಬಸವನಹುಳು ಮೇದು.
ಮೇಲಿನದರ ಮೇಲೊಂದು ಹಲ್ಲಿ
ಮನೆ ಯಜಮಾನನ ಗತ್ತಿನಲ್ಲಿ ಕತ್ತೆತ್ತಿತು.

ಈ ವರ್ಷದ್ದನ್ನು ಅದರ ಪಕ್ಕಕ್ಕಿಟ್ಟೆ.
ಸಹಿ ಕೇಳಲಿಲ್ಲ.